ಕಪಾಟಿನಲ್ಲಿ ನಿಲ್ಲುವ ಹುಡುಗಿ

ಹೋದ ಯುಗಾದಿಗೆ ಬೆಂಗಳೂರಿನಿಂದ ಬಂದ ಮಗ ಒಂದು ರಟ್ಟಿನ ಡಬ್ಬಿ ತಂದ. ಒಳಗೆ ಊಟದ ತಟ್ಟೆಯಷ್ಟಗಲದ, ಗುಂಡನೆಯ, ಕರಿ ಬಣ್ಣದ ಯಂತ್ರ. ಗುಂಡಿ ಒತ್ತಿದರೆ ಮನೆಯೆಲ್ಲ ಸುತ್ತಾಡಿ ಕಸ ಗುಡಿಸುತ್ತದೆ, ಗೋಡೆ ತಗುಲಿದರೆ ತಿರುಗಿಕೊಳ್ಳುತ್ತದೆ, ಚಾರ್ಜು ಮುಗಿಯುತ್ತ ಬಂದರೆ ತಾನೇ ಹೋಗಿ ಪ್ಲಗ್ಗಿನ ಹತ್ತಿರ ಕೂರುತ್ತದೆ. “ಅಮ್ಮಾ, ಇದು ರೋಬೋ” ಎಂದ. ನಮ್ಮ ಮನೆಗೆಲಸಕ್ಕೆ ಬರುವಾಕೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಅದನ್ನೇ ನೋಡುತ್ತಿದ್ದವಳು, “ಇದಕ್ಕೆ ಸಂಬಳ ಎಷ್ಟು ಅಮ್ಮಾ?” ಎಂದಳು. ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ. ನಿಜವಾಗಿಯೇ ಕೇಳಿದ್ದಳು.

ಯಂತ್ರಮಾನವರ ಕಥೆಗಳನ್ನು ನಾನು ಬಲು ಹಿಂದಿನಿಂದ ಓದುತ್ತ ಬಂದವಳು. ವೈಜ್ಞಾನಿಕ ಕಥೆ ಎಂದರೆ ಗಂಡುಮಕ್ಕಳ ಓದು, ರಾಕೆಟ್ಟು, ಬಂದೂಕು, ಹಸಿರು ಮುಖದ ಅನ್ಯಗ್ರಹದವರು ಎಂದು ನನ್ನ ಗೆಳತಿಯರು ಮೂಗು ಮುರಿಯುತ್ತಾರೆ. ನನಗೋ ಆ ರಾಕೆಟ್ಟುಗಳ ಮೇಲೆ ಅಷ್ಟೇನೂ ಆಸೆಯಿಲ್ಲ. ನನ್ನನ್ನು ಸೆಳೆದದ್ದು ಒಂದೇ ಪ್ರಶ್ನೆ: ಆ ಮುಂದಿನ ಕಾಲದಲ್ಲಿ ಪಾತ್ರೆ ತೊಳೆಯುವವರು ಯಾರು? ನಗಬೇಡಿ. ಬೆಳಿಗ್ಗೆ ಐದೂವರೆಗೆ ಏಳುವವರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ.

ನಮ್ಮಜ್ಜಿ ಒಂದು ಕಥೆ ಹೇಳುತ್ತಿದ್ದರು. ನೀವೂ ಕೇಳಿರುತ್ತೀರಿ. ಒಬ್ಬನಿಗೆ ಒಂದು ದೆವ್ವ ವಶವಾಗುತ್ತದೆ. ಹೇಳಿದ ಕೆಲಸವನ್ನೆಲ್ಲ ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿಸಿ, ‘ಮುಂದೇನು?’ ಎಂದು ಬಂದು ನಿಲ್ಲುತ್ತದೆ. ಕೆಲಸ ಕೊಡದಿದ್ದರೆ ಯಜಮಾನನನ್ನೇ ತಿನ್ನುತ್ತದೆ. ಕೊನೆಗೆ ಅವನ ಹೆಂಡತಿ ನಾಯಿಯ ಬಾಲ ನೆಟ್ಟಗೆ ಮಾಡಲು ಹೇಳಿ ಗಂಡನನ್ನು ಉಳಿಸಿಕೊಳ್ಳುತ್ತಾಳೆ. ಯಂತ್ರಮಾನವನ ಕಥೆಗಳೆಲ್ಲ ಈ ದೆವ್ವದ ಮಕ್ಕಳು ಮೊಮ್ಮಕ್ಕಳೇ. ಸಂಬಳ ಕೇಳದ, ಸುಸ್ತಾಗದ, ರಜ ಹಾಕದ ಆಳು ಬೇಕೆಂಬ ಆಸೆ ಒಂದು ಕಡೆ, ಆ ಆಳು ಒಂದು ದಿನ ನಮ್ಮ ಕಡೆ ತಿರುಗಿ ನೋಡಿದರೆ ಎಂಬ ಭಯ ಇನ್ನೊಂದು ಕಡೆ.

ತೊಂಬತ್ತರ ದಶಕದ ಕೊನೆಯಲ್ಲಿ, ಕೇಬಲ್ ಬಂದ ಹೊಸದರಲ್ಲಿ, ‘ಸ್ಮಾಲ್ ವಂಡರ್’ ಎಂಬ ಅಮೆರಿಕದ ಧಾರಾವಾಹಿ ಹಿಂದಿ ಮಾತಿನಲ್ಲಿ ಬರುತ್ತಿತ್ತು. ಅಲ್ಲಿ 1985ರಿಂದ 1989ರವರೆಗೆ ನಡೆದದ್ದು ನಮಗೆ ಹತ್ತು ವರ್ಷ ತಡವಾಗಿ ಬಂತು. ಟೆಡ್ ಲಾಸನ್ ಎಂಬ ಇಂಜಿನಿಯರ್ ಹತ್ತು ವರ್ಷದ ಹುಡುಗಿಯ ರೂಪದಲ್ಲಿ ಒಂದು ರೋಬೋ ಮಾಡಿ ಮನೆಗೆ ತರುತ್ತಾನೆ. ಹೆಸರು ವಿಕಿ. ಕೆಂಪು ಬಿಳುಪಿನ ಫ್ರಾಕು, ಏರಿಳಿತವಿಲ್ಲದ ದನಿ. ಒಂದೇ ಕೈಯಲ್ಲಿ ಭಾರದ ಸಾಮಾನು ಎತ್ತುತ್ತಾಳೆ, ಮನೆಗೆಲಸ ಮಾಡುತ್ತಾಳೆ, ಹೇಳಿದ ಮಾತನ್ನು ಅಕ್ಷರಕ್ಕಕ್ಷರ ಪಾಲಿಸಿ ಫಜೀತಿ ತರುತ್ತಾಳೆ. ನೆರೆಹೊರೆಯವರಿಗೆ ಆಕೆ ದತ್ತು ಮಗಳು ಎಂದು ಹೇಳಿದ್ದಾರೆ. ಉಪಯೋಗವಿಲ್ಲದ ಹೊತ್ತಿನಲ್ಲಿ ಮಗನ ಕೋಣೆಯ ಕಪಾಟಿನಲ್ಲಿ ನಿಲ್ಲಿಸುತ್ತಾರೆ.

ಶಿವಮೊಗ್ಗದ ನಮ್ಮ ಮನೆಯಲ್ಲಿ ಆಗ ಒಬ್ಬ ಹುಡುಗಿಯಿದ್ದಳು. ಹನ್ನೆರಡು ವರ್ಷ. ನೆಂಟರ ತೋಟದ ಕಡೆಯಿಂದ ಬಂದವಳು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವಳು ಓದಿದರೆ ಏನೆಂದುಕೊಂಡಾಳು ಎಂಬ ಅಳುಕು. ‘ಊಟ ಬಟ್ಟೆ ಕೊಟ್ಟು ಮನೆಮಗಳ ಹಾಗೆ ನೋಡಿಕೊಳ್ಳುತ್ತೇವೆ’ ಎಂಬ ಮಾತಿನ ಮೇಲೆ ಬಂದಿದ್ದಳು. ಆ ಮಾತನ್ನು ಆ ಕಾಲದಲ್ಲಿ ನಮ್ಮಂಥ ಎಷ್ಟು ಮನೆಗಳಲ್ಲಿ ಆಡಿದ್ದಾರೋ. ಯಾರಾದರೂ ಕೇಳಿದರೆ ‘ಊರ ಕಡೆಯ ನೆಂಟರ ಹುಡುಗಿ’ ಎನ್ನುತ್ತಿದ್ದೆವು. ಲಾಸನ್ ದಂಪತಿಗಳ ಸುಳ್ಳಿಗೂ ನಮ್ಮದಕ್ಕೂ ಎಷ್ಟು ವ್ಯತ್ಯಾಸ ಎಂದು ಆಗ ನನಗೆ ಹೊಳೆಯಲಿಲ್ಲ. ಪ್ರತಿದಿನ ನೋಡುತ್ತಿದ್ದರೂ ಹೊಳೆಯಲಿಲ್ಲ.

ಆ ಧಾರಾವಾಹಿಯನ್ನು ನಮ್ಮೆಲ್ಲರಿಗಿಂತ ಹೆಚ್ಚು ಪ್ರೀತಿಸಿದವಳು ಅವಳೇ. ಅಡುಗೆಮನೆಯ ಹೊಸ್ತಿಲ ಮೇಲೆ ಅವರೆಕಾಯಿಯ ಮೊರ ಇಟ್ಟುಕೊಂಡು ಕೂರುತ್ತಿದ್ದಳು. ಹಿಂದಿ ಬರುತ್ತಿರಲಿಲ್ಲ, ನಗುವುದಕ್ಕೆ ಅದು ಬೇಕಾಗಿಯೂ ಇರಲಿಲ್ಲ. ವಿಕಿ ಭಾರ ಎತ್ತಿದಾಗಲೆಲ್ಲ ಚಪ್ಪಾಳೆ. ಕೆಲವೇ ದಿನಗಳಲ್ಲಿ ಆ ದನಿಯನ್ನು ಕಲಿತಳು. ನಾನು ಕರೆದರೆ ಕತ್ತು ನೆಟ್ಟಗೆ ಮಾಡಿಕೊಂಡು, “ಬಂದೆ. ಅಮ್ಮಾ. ಏನು. ಮಾಡಲಿ” ಎಂದು ಮುದ್ದೆ ಮುದ್ದೆಯಾಗಿ ಹೇಳುವಳು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಅದು ಬರೀ ಆಟವೋ, ನನಗೆ ಕೊಟ್ಟ ಪೆಟ್ಟೋ ಎಂದು ಈಗಲೂ ಗೊತ್ತಿಲ್ಲ.

ಒಂದು ಸಂಜೆ, “ಆ ಹುಡುಗಿ ನಿಂತುಕೊಂಡೇ ನಿದ್ದೆ ಮಾಡ್ತಾಳಾ ಅಮ್ಮಾ? ಕಾಲು ನೋಯಲ್ವಾ?” ಎಂದಳು. “ಅದು ರೋಬೋ ಕಣೇ, ಅದಕ್ಕೆ ನೋವು ಗೀವು ಏನೂ ಆಗಲ್ಲ” ಎಂದ ನನ್ನ ಮಗ, ಒಂಬತ್ತು ವರ್ಷದವನು, ಎಲ್ಲ ಬಲ್ಲವನ ಹಾಗೆ. ಅವಳು ಅವನನ್ನು ನೋಡಿ, “ನಿಂಗೆ ಯಾರು ಹೇಳಿದ್ರು, ಅವಳೇ ಹೇಳಿದ್ಲಾ?” ಎಂದಳು. ಅವರೆಕಾಳು ಸುಲಿಯುವುದು ನಿಲ್ಲಲಿಲ್ಲ.

ವಿಮರ್ಶೆ ಎಂದು ಹೊರಟು ಮನೆಯ ಪುರಾಣ ಹೇಳುತ್ತಿದ್ದೇನೆ ಎನ್ನಬೇಡಿ. ಈ ಬಗೆಯ ಕಥೆಗಳನ್ನೆಲ್ಲ ಅಳೆಯಲು ನನಗೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ಇನ್ನೂ ಸಿಕ್ಕಿಲ್ಲ. ನೋವಾಗುವುದಿಲ್ಲ ಎಂದು ಹೇಳಿದವರು ಯಾರು? ‘ಸ್ಮಾಲ್ ವಂಡರ್’ ಆ ಪ್ರಶ್ನೆಯ ಹತ್ತಿರ ಬರುತ್ತದೆ, ನಗುವಿನ ಟೇಪು ಹಾಕಿ ಓಡಿಹೋಗುತ್ತದೆ. ಮಕ್ಕಳ ಧಾರಾವಾಹಿಯಾಗಿ ಅದು ಕೆಟ್ಟದ್ದಲ್ಲ, ಆ ಹುಡುಗಿಯ ನಟನೆಯಂತೂ ಸೊಗಸು. ಆದರೆ ನಾಲ್ಕು ವರ್ಷ ಕಪಾಟು ಕಪಾಟಾಗಿಯೇ ಉಳಿಯಿತು.

‘ರೋಬೋ’ ಎಂಬ ಪದ ಎಲ್ಲಿಂದ ಬಂತು ಎಂದು ನಾನು ತಿಳಿದದ್ದು ಇದೆಲ್ಲ ಆಗಿ ವರ್ಷಗಳ ಮೇಲೆ. ಚೆಕ್ ಲೇಖಕ ಕರೆಲ್ ಚಾಪೆಕನ ‘ಆರ್.ಯು.ಆರ್.’ ಎಂಬ ನಾಟಕ 1921ರಲ್ಲಿ ರಂಗಕ್ಕೆ ಬಂತು. ಆ ಪದವನ್ನು ಸೂಚಿಸಿದವನು ಅವನ ಅಣ್ಣ ಯೋಸೆಫ್. ಚೆಕ್ ಭಾಷೆಯಲ್ಲಿ ‘ರೊಬೊಟ’ ಎಂದರೆ ಜಮೀನುದಾರನಿಗೆ ರೈತರು ಮಾಡಿಕೊಡಲೇಬೇಕಾದ ಬಿಟ್ಟಿ ಚಾಕರಿ. ನೋಡಿ, ಯಾವುದೋ ಹೊಸ ಯಂತ್ರದ ಹೆಸರು ಎಂದುಕೊಂಡಿದ್ದರೆ, ಅದು ನಮ್ಮ ಹಳ್ಳಿಗಳಿಗೂ ಚೆನ್ನಾಗಿ ಗೊತ್ತಿರುವ ಹಳೆಯ ಅನ್ಯಾಯದ ಹೆಸರು. ಆ ನಾಟಕದ ರೋಬೋಗಳು ತಗಡಿನವಲ್ಲ, ನಮ್ಮ ಹಾಗೆಯೇ ಮೈ ಇರುವವು, ಕಾರ್ಖಾನೆಯಲ್ಲಿ ತಯಾರಾದವು. ಕೊನೆಗೆ ದಂಗೆಯೆದ್ದು ಮನುಷ್ಯರನ್ನೆಲ್ಲ ಕೊಲ್ಲುತ್ತವೆ, ಆಲ್ಕ್ವಿಸ್ಟ್ ಎಂಬ ಒಬ್ಬನನ್ನು ಬಿಟ್ಟು. ಅವನನ್ನೇಕೆ ಉಳಿಸುತ್ತವೆ? ಅವನು ತಮ್ಮ ಹಾಗೆ ಕೈಯಿಂದ ಕೆಲಸ ಮಾಡುವವನು ಎಂದು. ನಾಟಕದಲ್ಲಿ ಉದ್ದುದ್ದ ಭಾಷಣಗಳಿವೆ, ಕೆಲವು ಕಡೆ ಆಕಳಿಕೆ ಬರುತ್ತದೆ, ನಿಜ. ಈ ಒಂದು ಸಂಗತಿಗಾಗಿ ಉಳಿದದ್ದನ್ನೆಲ್ಲ ಕ್ಷಮಿಸಿದ್ದೇನೆ. ನಮ್ಮ ಮನೆಯಲ್ಲಿ ಅಂಥ ದಂಗೆ ಆಗಿದ್ದರೆ ಯಾರು ಉಳಿಯುತ್ತಿದ್ದರು ಎಂದು ಲೆಕ್ಕ ಹಾಕಿದ್ದೂ ಉಂಟು. ನಮ್ಮ ಯಜಮಾನರಂತೂ ಇಲ್ಲ.

ಐಸಾಕ್ ಅಸಿಮೋವ್ ಈ ಭಯದ ಕಥೆಗಳಿಗೆ ಬೇಸತ್ತು ಒಳ್ಳೆಯ ರೋಬೋಗಳನ್ನು ಸೃಷ್ಟಿಸಿದವನು. ಅವನ ಮೊದಲ ರೋಬೋ ಕಥೆ ‘ರಾಬಿ’ 1940ರಲ್ಲಿ ಅಚ್ಚಾಯಿತು. ಗ್ಲೋರಿಯಾ ಎಂಬ ಪುಟ್ಟ ಹುಡುಗಿಗೆ ರಾಬಿ ಎಂಬ ಮಾತಿಲ್ಲದ ರೋಬೋ ದಾದಿ. ಅದಕ್ಕೆ ಸಿಂಡರೆಲಾ ಕಥೆ ಎಂದರೆ ಪ್ರಾಣ. ತಾಯಿಗೆ ಮಾತ್ರ ಅದು ಹಿಡಿಸುವುದಿಲ್ಲ. ಯಂತ್ರದ ಕೈಯಲ್ಲಿ ಮಗುವನ್ನು ಬಿಡಲಾರೆ ಎಂದು ಹಟ ಹಿಡಿದು ಅದನ್ನು ಮನೆಯಿಂದ ಕಳಿಸುತ್ತಾಳೆ, ಬದಲಿಗೆ ನಾಯಿ ತರುತ್ತಾಳೆ. ಮಗು ಕೊರಗುತ್ತದೆ. ಕೊನೆಗೆ ರಾಬಿಯೇ ಮಗುವಿನ ಜೀವ ಉಳಿಸಿ ಮನೆಗೆ ಮರಳುತ್ತದೆ. ಓದುವಾಗ ನನ್ನ ಕಣ್ಣಲ್ಲೂ ನೀರು ಬಂತು, ಸುಳ್ಳೇಕೆ ಹೇಳಲಿ. ಪುಸ್ತಕ ಮುಚ್ಚಿದ ಮೇಲೆ ಸಿಟ್ಟು ಬಂತು. ಕಥೆಯಲ್ಲಿ ಜಾಣ ಎಂದರೆ ತಂದೆ. ತಾಯಿ ಅಕ್ಕಪಕ್ಕದವರ ಮಾತಿಗೆ ಹೆದರುವ ಪೆದ್ದಿ. ದಿನವಿಡೀ ಮಗುವಿನ ಜೊತೆ ಇರುವವಳು ಹೆದರಿದರೆ ಅದಕ್ಕೆ ಕಾರಣ ಇರಬಹುದು ಎಂದು ಇಪ್ಪತ್ತರ ಹುಡುಗ ಅಸಿಮೋವ್‌ಗೆ ತೋಚಲಿಲ್ಲ. ರಾಬಿಗೆ ಆ ಮನೆಯಲ್ಲಿ ಇರಲು ಇಷ್ಟವೇ ಎಂದು ತಂದೆಯೂ ಕೇಳಲಿಲ್ಲ, ತಾಯಿಯೂ ಕೇಳಲಿಲ್ಲ.

ನಮ್ಮ ಸಿನಿಮಾದವರ ವಿಷಯ ಹೆಚ್ಚು ಹೇಳುವಂತಿಲ್ಲ. 2002ರಲ್ಲಿ ಉಪೇಂದ್ರರ ‘ಹಾಲಿವುಡ್’ ಬಂತು, 2010ರಲ್ಲಿ ರಜನೀಕಾಂತರ ‘ಎಂದಿರನ್’ ಬಂತು. ಎರಡರಲ್ಲೂ ರೋಬೋಗೆ ನಾಯಕಿಯ ಮೇಲೆ ಪ್ರೇಮ ಹುಟ್ಟುತ್ತದೆ. ಗಂಡು ರೋಬೋ ತಯಾರಾದರೆ ಪ್ರೇಮ, ಹೆಣ್ಣು ರೋಬೋ ತಯಾರಾದರೆ ಕಸ ಮುಸುರೆ.

ಇನ್ನು ಮಾಟ ಮಂತ್ರಗಳ ಲೋಕ. ಅಲ್ಲೂ ಮಾಂತ್ರಿಕರು ಡ್ರಾಗನ್ನುಗಳ ಜೊತೆ ಮಾತಾಡುತ್ತಾರೆಯೇ ವಿನಾ ತಟ್ಟೆ ಎತ್ತಿಡುವುದನ್ನು ನಾನು ಕಂಡದ್ದು ಕಡಿಮೆ. ಅರ್ಸುಲಾ ಲೆ ಗ್ವಿನ್ 1990ರಲ್ಲಿ ಬರೆದ ‘ತೆಹನು’ ಅದಕ್ಕೊಂದು ಅಪವಾದ. ಹಿಂದಿನ ಮೂರು ಕಾದಂಬರಿಗಳಲ್ಲಿ ಮೆರೆದ ಮಹಾಮಾಂತ್ರಿಕ ಗೆಡ್ ಇದರಲ್ಲಿ ಶಕ್ತಿಯೆಲ್ಲ ಕಳೆದುಕೊಂಡು, ಟೆನಾರ್ ಎಂಬ ನಡುವಯಸ್ಸಿನ ರೈತ ವಿಧವೆಯ ಮನೆ ಸೇರುತ್ತಾನೆ, ಆಡು ಕಾಯುತ್ತಾನೆ, ಪಾತ್ರೆ ತೊಳೆಯುತ್ತಾನೆ. ಟೆನಾರಳ ಸ್ವಂತ ಮಗ ಮಾತ್ರ ಅದು ಹೆಂಗಸರ ಕೆಲಸವೆಂದು ಎದ್ದುಹೋಗುತ್ತಾನೆ. ಈ ಕಾದಂಬರಿಯಲ್ಲಿ ಸಾಹಸವೇ ಇಲ್ಲ ಎಂದು ನನ್ನ ಮಗಳು ಅರ್ಧಕ್ಕೆ ಬಿಟ್ಟಳು. ನಲವತ್ತು ದಾಟಿದ ಮೇಲೆ ಓದು ಎಂದಿದ್ದೇನೆ.

ಇವರೆಲ್ಲರಿಗಿಂತ ಮೊದಲೇ, ಚಾಪೆಕನಿಗೂ ಹದಿನಾರು ವರ್ಷ ಮೊದಲು, ನಮ್ಮ ದೇಶದವಳೇ ಒಬ್ಬಳು ಈ ಪ್ರಶ್ನೆಯನ್ನು ನೇರ ಅಡುಗೆಮನೆಗೆ ಒಯ್ದಿದ್ದಳು. ಬಂಗಾಳದ ರುಕಿಯಾ ಸಖಾವತ್ ಹುಸೇನ್. ಅವರ ‘ಸುಲ್ತಾನಾಳ ಕನಸು’ 1905ರಲ್ಲಿ ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ನಲ್ಲಿ ಬಂತು. ಇಂಗ್ಲಿಷಿನ ಪುಟ್ಟ ಕಥೆ, ಒಂದು ಮಧ್ಯಾಹ್ನ ಕಾಫಿಗೆ ಮೊದಲು ಓದಿ ಮುಗಿಸಬಹುದು. ಪರದೆಯಲ್ಲಿ ಬೆಳೆದು, ಅಣ್ಣನಿಂದ ಗುಟ್ಟಾಗಿ ಇಂಗ್ಲಿಷ್ ಕಲಿತವರು. ಮುಂದೆ ಗಂಡ ತೀರಿಕೊಂಡ ಮೇಲೆ ಹೆಣ್ಣುಮಕ್ಕಳ ಶಾಲೆ ತೆರೆದು, 1911ರಲ್ಲಿ ಅದನ್ನು ಕಲ್ಕತ್ತೆಗೆ ತಂದು ನಡೆಸಿದರು.

ಕಥೆಯಲ್ಲಿ ಹೆಂಗಸರು ನಾಡನ್ನಾಳುತ್ತಾರೆ, ಗಂಡಸರು ಪರದೆಯೊಳಗೆ ಕೂತು ಅಡುಗೆ ಮಾಡುತ್ತ ಮಕ್ಕಳನ್ನು ಆಡಿಸುತ್ತಾರೆ. ಮೋಡದಿಂದ ನೀರಿಳಿಸಲು ಬಲೂನು, ಶತ್ರುವನ್ನು ಓಡಿಸಲು ಬಿಸಿಲಿನ ಶಾಖ. ಹೆಣ್ಣುಮಕ್ಕಳಿಗೆ ಇಪ್ಪತ್ತೊಂದಕ್ಕೆ ಮೊದಲು ಮದುವೆಯಿಲ್ಲ. ನನ್ನ ಮನಸ್ಸು ನಿಂತದ್ದು ಅಡುಗೆಮನೆಯ ಚಿತ್ರದಲ್ಲಿ. ತರಕಾರಿ ತೋಟದ ನಡುವೆ ಅಡುಗೆಮನೆ, ಹೊಗೆಯಿಲ್ಲ, ಇದ್ದಿಲಿಲ್ಲ, ಬಿಸಿಲಿನಿಂದಲೇ ಬೇಯುತ್ತದೆ. ಸೌದೆ ಒಲೆಯ ಮುಂದೆ ಕೂತು ಊದುಗೊಳವೆ ಊದಿದವಳ ಕನಸು ಇದು. ಗಂಡಸಾಗಿದ್ದರೆ ಚಂದ್ರನ ಮೇಲೆ ಬಾವುಟ ನೆಡುತ್ತಿದ್ದ.

ಆದರೆ ಅದೇ ಜಾಗದಲ್ಲಿ ನನಗೊಂದು ತಕರಾರು. ಸುಲ್ತಾನಾ ಅಡುಗೆಮನೆ ನೋಡಲು ಬರುತ್ತಾಳೆಂದು ಅಲ್ಲಿದ್ದ ಗಂಡಸರಿಗೆ ಮೊದಲೇ ಜಾಗ ಖಾಲಿ ಮಾಡಲು ಹೇಳಿರುತ್ತಾರೆ. ಅತಿಥಿ ಬಂದಾಗ ಅಡುಗೆಮನೆ ಫಳಫಳ ಹೊಳೆಯುತ್ತಿದೆ, ಹೊಳೆಯಿಸಿದವರು ಕಾಣುವುದಿಲ್ಲ. ಪರದೆಯೊಳಗಿನವರನ್ನು ಅಣಕಿಸಲೆಂದೇ ಬರೆದದ್ದು, ಗೊತ್ತು. ಮೊದಲ ಸಲ ನಾನೂ ಜೋರಾಗಿ ನಕ್ಕೆ. ಎರಡನೆಯ ಸಲ ಓದುವಾಗ ನಮ್ಮ ಹಿತ್ತಿಲ ಬಾಗಿಲು ನೆನಪಾಯಿತು. ನೆಂಟರು ಬಂದರೆ ಆ ಹುಡುಗಿಗೆ, “ಸ್ವಲ್ಪ ಹೊತ್ತು ಆ ಕಡೆ ಇರು” ಎನ್ನುತ್ತಿದ್ದೆ.

ಹದಿನಾಲ್ಕರ ಒಳಗಿನ ಮಕ್ಕಳನ್ನು ಮನೆಗೆಲಸಕ್ಕಿಟ್ಟುಕೊಳ್ಳಬಾರದೆಂಬ ನಿಷೇಧ ಬಂದದ್ದು 2006ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಅವಳು ನಮ್ಮಲ್ಲಿರಲಿಲ್ಲ. ಹದಿನೈದು ತುಂಬುತ್ತಲೇ ಅಪ್ಪ ಬಂದು ಮದುವೆ ಗೊತ್ತಾಗಿದೆ ಎಂದು ಕರೆದುಕೊಂಡು ಹೋದ. ನಾವು ಒಂದು ಸೀರೆ, ಒಂದು ಸ್ಟೀಲ್ ಕೊಡಪಾನ ಕೊಟ್ಟು ಕಳಿಸಿದೆವು, ಒಳ್ಳೆಯ ಕೆಲಸ ಮಾಡಿದೆವೆಂದು ನಂಬಿದೆವು.

ನಾಲ್ಕು ವರ್ಷದ ಹಿಂದೆ ಅವಳು ಬಂದಿದ್ದಳು. ಮಗಳನ್ನು ಇಲ್ಲಿಯ ಕಾಲೇಜಿಗೆ ಸೇರಿಸಲು ಬಂದವಳು, ಮುಂಬಾಗಿಲಿಂದ ಬಂದು ಕುರ್ಚಿಯ ಮೇಲೆ ಕೂತಳು. “ಆ ರೋಬೋ ಹುಡುಗಿ ಈಗೆಲ್ಲಿದ್ದಾಳೆ ಅಮ್ಮಾ?” ಎಂದಳು. ಆ ಪಾತ್ರ ಮಾಡಿದವಳ ಬಗ್ಗೆ ಕೇಳಿದಳೋ, ಕಪಾಟಿನ ಹುಡುಗಿಯ ಬಗ್ಗೆಯೋ ತಿಳಿಯದೆ, “ದೊಡ್ಡವಳಾಗಿರಬೇಕು” ಎಂದೆ. ಸುಲ್ತಾನಾಳ ಕಥೆಯನ್ನು ಅವಳ ಮಗಳಿಗೆ ಹೇಳಿದೆ. ಬಿಸಿಲಿನ ಒಲೆ ಮೋಡ ಮುಚ್ಚಿದ ದಿನ ಏನು ಮಾಡುತ್ತೆ ಎಂದು ಆ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ, ಬಿಸಿಲಿನ ಶಾಖವನ್ನು ಕೂಡಿಟ್ಟು ಬೇಕಾದಾಗ ಹಂಚುತ್ತಾರೆ ಎಂದು ರುಕಿಯಾ ಬರೆದಿದ್ದಾರೆ. ಹೊರಡುವಾಗ ಅವಳು ಕಾಫಿ ಲೋಟಗಳನ್ನು ಎತ್ತಿಕೊಂಡು ಸೀದಾ ಅಡುಗೆಮನೆಗೆ ಹೋದಳು. ನಾನು ಎದ್ದು, ಬೇಡ ಬಿಡು ಎನ್ನುವಷ್ಟರಲ್ಲಿ ತೊಳೆದು ಬೋರಲು ಹಾಕಿಯಾಗಿತ್ತು.