ಕಲ್ಲಿನಲ್ಲಿ ಪಾಠಾಂತರ

ಕಾವ್ಯವನ್ನು ಆಧರಿಸಿದ ಶಿಲ್ಪವನ್ನಾಗಲಿ ಚಿತ್ರವನ್ನಾಗಲಿ ಕಂಡಾಗ ನಮ್ಮ ಮೊದಲ ಪ್ರಶ್ನೆ, 'ಇದು ಯಾವ ಪ್ರಸಂಗ?' ಎಂಬುದು. ಹೆಸರು ತಿಳಿದೊಡನೆ ನೋಟವೂ ಮುಗಿಯುತ್ತದೆ. ಕವಿ ಹೇಳಿದುದನ್ನು ಕುಶಲಕರ್ಮಿ ಕಲ್ಲಿಗಿಳಿಸಿದನು, ಅಷ್ಟೆ, ಎಂಬ ಭಾವನೆ ನಮ್ಮದು. ಅದು ಸರಿಯಲ್ಲ, ಅವನೂ ಕಥೆ ಹೇಳುವವನೇ.

ಇಂಗ್ಲೆಂಡಿನ ರಟ್‌ಲೆಂಡ್ ಪ್ರಾಂತದ ಕೆಟನ್ ಬಳಿಯ ಹೊಲವೊಂದರಲ್ಲಿ 2020ರಲ್ಲಿ ದೊರೆತ, ರೋಮನರ ಕಾಲದ ಮೊಸಾಯಿಕ್ ನೆಲ ಇದಕ್ಕೆ ಒಳ್ಳೆಯ ನಿದರ್ಶನ. ಬಣ್ಣಬಣ್ಣದ ಸಣ್ಣ ಚೂರುಗಳನ್ನು ಗಾರೆಯಲ್ಲಿ ಕೂರಿಸಿ ಮಾಡಿದ ಈ ಚಿತ್ರ ಸುಮಾರು 11 ಮೀಟರ್ ಉದ್ದ, 7 ಮೀಟರ್ ಅಗಲ, ಕ್ರಿ.ಶ. 3 ಅಥವಾ 4ನೆಯ ಶತಮಾನದ್ದು. ಕಥೆ ಮಾತ್ರ ಗ್ರೀಕರದು. ಅಕಿಲೀಸ್ ಮತ್ತು ಹೆಕ್ಟರರ ಕಾಳಗ. ಸತ್ತ ಹೆಕ್ಟರನನ್ನು ರಥದ ಹಿಂದೆ ಎಳೆದೊಯ್ಯುವುದು. ಮುದಿ ತಂದೆ ಪ್ರಾಯಮನು ಮಗನ ಶವವನ್ನು ಬಿಡಿಸಿಕೊಳ್ಳುವುದು: ಹೀಗೆ ಮೂರು ಅಂಕಣಗಳು. ಮೂರನೆಯದರಲ್ಲಿ ದೊಡ್ಡದೊಂದು ತಕ್ಕಡಿ. ಒಂದು ಕಡೆ ಶವ, ಇನ್ನೊಂದು ಕಡೆ ಚಿನ್ನ.

ಹೋಮರನಲ್ಲಿ ಈ ತಕ್ಕಡಿಯಿಲ್ಲ. ನಿನ್ನ ತೂಕದ ಚಿನ್ನ ಸುರಿದರೂ ಶವವನ್ನು ಬಿಡೆನೆಂದು 'ಇಲಿಯಡ್'ನಲ್ಲಿ ಅಕಿಲೀಸ್ ಸಾಯುತ್ತಿರುವ ಹೆಕ್ಟರನಿಗೆ ಅಬ್ಬರಿಸುತ್ತಾನೆ; ಮುಂದೆ ಪ್ರಾಯಮನೇ ಬಂದು ಅವನ ಕೈಗೆ ಮುತ್ತಿಟ್ಟಾಗ ತನ್ನ ತಂದೆಯನ್ನು ನೆನೆದು ಅಳುತ್ತಾನೆ. ಬಿ.ಎಂ.ಶ್ರೀಯವರು 'ಪಾರಸಿಕರು' ಮೂಲಕ ಕನ್ನಡಕ್ಕೆ ತಂದ ಈಸ್ಕಿಲಸನ ಇನ್ನೊಂದು ನಾಟಕ 'ಫ್ರಿಜಿಯನರು'. ಅದರಲ್ಲಿ ಆ ಕೋಪದ ಮಾತು ನಿಜವಾದ ತೂಗುವಿಕೆಯೇ ಆಯಿತೆಂದು ಹಳೆಯ ವ್ಯಾಖ್ಯಾನಕಾರರು ಹೇಳುತ್ತಾರೆ. ನಾಟಕ ಉಳಿಯಲಿಲ್ಲ, ತಕ್ಕಡಿ ನೆಲದಲ್ಲಿ ಉಳಿಯಿತು.

ಶ್ರೀಕೃಷ್ಣ ತುಲಾಭಾರವನ್ನು ಬಲ್ಲ ನಮಗೆ ಈ ಚಿತ್ರದ ಕ್ರೌರ್ಯ ಬೇಗ ತಾಗುತ್ತದೆ. ಅಲ್ಲಿ ಒಡವೆಯೆಲ್ಲ ಸೋತು ಒಂದು ತುಳಸೀದಳ ಗೆಲ್ಲುತ್ತದೆ. ಇಲ್ಲಿ ಚಿನ್ನವೇ ಗೆಲ್ಲಬೇಕು; ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಚೀಲವನ್ನು ತೂಗುವಂತೆ ಮಗನನ್ನು ತೂಗಿ ಕೊಡುತ್ತಾರೆ. ಶತ್ರುಗಳಿಬ್ಬರನ್ನು ಕೂಡಿ ಅಳಿಸಿದ ಹೋಮರನ ಹಿರಿಮೆ ಈ ಚಿತ್ರಕ್ಕಿಲ್ಲ, ನಿಜ. ಆದರೆ ತಂದೆಯ ದುಃಖಕ್ಕೆ ಬೆಲೆ ಕಟ್ಟುವ ಅವಮಾನವನ್ನು ಇದು ಹೋಮರನಿಗಿಂತಲೂ ನೇರವಾಗಿ ಕಣ್ಣೆದುರಿಗೆ ಇಡುತ್ತದೆ.

ನಮ್ಮ ಗುಡಿಗಳನ್ನೂ ಹೀಗೆಯೇ ಓದಬೇಕು. 1196ರಲ್ಲಿ ಕಟ್ಟಿದ, ತರೀಕೆರೆ ತಾಲ್ಲೂಕು ಅಮೃತಾಪುರದ ಅಮೃತೇಶ್ವರ ದೇವಾಲಯದ ದಕ್ಷಿಣದ ಗೋಡೆಯಲ್ಲಿ 70 ಫಲಕಗಳ ರಾಮಾಯಣವಿದೆ. ಕಥೆ ಪ್ರದಕ್ಷಿಣೆಗೆ ಎದುರಾಗಿ ಸಾಗುತ್ತದೆ. ಉತ್ತರದ ಗೋಡೆಯ ಕೃಷ್ಣಕಥೆಯೂ ಭಾರತವೂ ವಾಡಿಕೆಯಂತೆ ಪ್ರದಕ್ಷಿಣೆಯಾಗಿಯೇ ನಡೆಯುತ್ತವೆ. ಈ ಗುಡಿಯ ಶಾಸನವನ್ನು ರಚಿಸಿದ ಜನ್ನನನ್ನು ನಾವು ಪದಪದವಾಗಿ ಓದುತ್ತೇವೆ. ಅದೇ ಗುಡಿಯ ಶಿಲ್ಪಿಗಳ ಮುಂದೆ ಮಾತ್ರ 'ಇವಳು ಸೀತೆ, ಇವನು ಹನುಮಂತ' ಎಂದು ಗುರುತು ಹಿಡಿದು ಮುಂದೆ ನಡೆಯುವುದು ನ್ಯಾಯವಲ್ಲ.