ಪುಟವೂ ಪುಟದ ಇತಿಹಾಸವೂ: ವಿಕಿಪೀಡಿಯದಲ್ಲಿ ನಮ್ಮ ವಿದ್ಯಾರ್ಥಿಗಳ ಬರವಣಿಗೆ

ವಿದ್ಯಾರ್ಥಿಯು ತರಗತಿಗಾಗಿ ಬರೆಯುವ ಪ್ರಬಂಧಕ್ಕೆ ಸಾಮಾನ್ಯವಾಗಿ ಓದುಗನು ಒಬ್ಬನೇ, ಅವನು ಅಧ್ಯಾಪಕ. ಅಂಕವನ್ನು ನಮೂದಿಸಿದೊಡನೆ ಆ ಪ್ರಬಂಧದ ಆಯುಸ್ಸು ಮುಗಿಯುತ್ತದೆ. ಇದಕ್ಕೆ ಬದಲಾಗಿ, ಎಲ್ಲರೂ ಓದಬಹುದಾದ ಮತ್ತು ಎಲ್ಲರೂ ತಿದ್ದಬಹುದಾದ ಅಂತರಜಾಲದ ವಿಶ್ವಕೋಶದಲ್ಲಿಯೇ ವಿದ್ಯಾರ್ಥಿಯು ಬರೆಯಬೇಕೆಂಬ ರೂಢಿಯೊಂದು ನಮ್ಮ ಕೆಲವು ಕಾಲೇಜುಗಳಲ್ಲಿ ಬೆಳೆದುಬಂದಿದೆ. ಈ ಬರವಣಿಗೆಯ ಗುಣದೋಷಗಳಾವುವು, ಅದನ್ನು ಯಾವ ಮಾನದಂಡದಿಂದ ಅಳೆಯಬೇಕು ಎಂಬುದನ್ನು ಇತಿಹಾಸದ ಅಧ್ಯಾಪಕನ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಕನ್ನಡದಲ್ಲಿ ವಿಶ್ವಕೋಶದ ಆಸೆ ಹೊಸದಲ್ಲ. ಶಿವರಾಮ ಕಾರಂತರು ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ಏಕಾಂಗಿಯಾಗಿ ರಚಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಹೊರಬಂದಿತು. ಮೊದಲನೆಯದು ಒಬ್ಬರ ಸಾಹಸ. ಎರಡನೆಯದು ವಿದ್ವನ್ಮಂಡಲಿಯ ಪರಿಶ್ರಮ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಈ ಎರಡು ಬಗೆಗೂ ಸೇರದು. ಇಲ್ಲಿ ಪ್ರಧಾನ ಸಂಪಾದಕನೆಂಬುವನಿಲ್ಲ. ಬರೆದವನೇ ಸಂಪಾದಕ, ಓದಿದವನೇ ಪರೀಕ್ಷಕ. ದೊಮ್ಮಲೂರಿನಲ್ಲಿ ಕಚೇರಿ ಹೊಂದಿದ್ದ ‘ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿ’ ಸಂಸ್ಥೆಯ ನೆರವಿನಿಂದ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ 2013ರಲ್ಲಿ ಕನ್ನಡವೇ ಮೊದಲಾದ ಭಾಷೆಗಳನ್ನು ದ್ವಿತೀಯ ಭಾಷೆಯಾಗಿ ಓದುತ್ತಿದ್ದ ವಿದ್ಯಾರ್ಥಿಗಳು ಈ ಕಾರ್ಯದಲ್ಲಿ ತೊಡಗಿದರು. ಅನಂತರ ಇತರ ಕಾಲೇಜುಗಳೂ ಅದೇ ಹಾದಿ ಹಿಡಿದವು. ಈ ಲೇಖಕನ ತರಗತಿಯಲ್ಲಿಯೂ ದಂಡು ಪ್ರದೇಶದ ಮತ್ತು ನಗರದ ಪೂರ್ವಭಾಗದ ಊರುಗಳನ್ನು ಕುರಿತು ಬರೆಯುವ ಕೆಲಸವನ್ನು ಕೊಟ್ಟು ನೋಡಲಾಗಿದೆ.

ಮೊದಲು ದೋಷಗಳನ್ನು ಹೇಳುವುದು ನ್ಯಾಯ. ಬಹುಪಾಲು ಬರಹಗಳು ಇಂಗ್ಲಿಷ್ ಪುಟದ ಅನುವಾದಗಳು. ‘ಕಟ್ಟಲ್ಪಟ್ಟಿತು’, ‘ಕರೆಯಲ್ಪಡುತ್ತದೆ’ ಎಂಬ ಕ್ರಿಯಾಪದಗಳ ಸಾಲಿನಿಂದಲೇ ಅವನ್ನು ಗುರುತಿಸಬಹುದು. ಇದು ಶೈಲಿಯೊಂದರ ಮಾತಲ್ಲ. ಹಲಸೂರಿನಲ್ಲಿಯೇ ಹುಟ್ಟಿ ಬೆಳೆದ ಹುಡುಗನು ತನ್ನ ಊರನ್ನು ‘ಉಲ್ಸೂರ್’ ಎಂದು ಬರೆದನು. ದಂಡಿನ ಇಂಗ್ಲಿಷರ ನಾಲಿಗೆಗೆ ಒಗ್ಗಿದ ಹೆಸರು, ಅವರು ಹೋದ ಮೇಲೆ, ಕನ್ನಡ ಲಿಪಿಯಲ್ಲಿ ಹಿಂದಿರುಗಿ ಬಂದಿತು! ದೊಮ್ಮಲೂರು ‘ಡೋಮ್ಲೂರ್’ ಆದದ್ದೂ ಹೀಗೆಯೇ. ಆ ಊರಿನ ಚೊಕ್ಕನಾಥಸ್ವಾಮಿ ದೇವಾಲಯದ ತಮಿಳು ಶಾಸನಗಳಲ್ಲಿ ತೊಂಬಲೂರು, ದೇಶಿಮಾಣಿಕ್ಕಪಟ್ಟಣ ಎಂಬ ಹಳೆಯ ಹೆಸರುಗಳಿವೆ. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಸೀಮೆಯ ಶಾಸನಗಳು ಅಚ್ಚಾಗಿವೆ. ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರಿನ ಶಾಸನಶಿಲೆಗಳ ಮೂರು ಆಯಾಮದ ಪ್ರತಿರೂಪಗಳನ್ನು ಗಣಕದಲ್ಲಿ ಸಿದ್ಧಪಡಿಸುತ್ತ ಬಂದಿದೆ. ಶಿಲೆಯೂ ಹತ್ತಿರದಲ್ಲಿದೆ, ಗ್ರಂಥವೂ ಕೈಗೆಟುಕುತ್ತದೆ. ಆದರೆ ವಿದ್ಯಾರ್ಥಿಯು ಎರಡನ್ನೂ ಬಿಟ್ಟು ದೂರದ ಪುಟವೊಂದನ್ನು ಭಾಷಾಂತರಿಸುತ್ತಾನೆ.

ಎರಡನೆಯ ದೋಷ ನಮ್ಮದೇ. ಅವಧಿಯ ಕೊನೆಯ ವಾರದಲ್ಲಿ ಎಲ್ಲ ಬರಹಗಳನ್ನೂ ಒಮ್ಮೆಗೇ ತರಿಸಿಕೊಂಡು, ಗಾತ್ರವನ್ನು ನೋಡಿ ಅಂಕ ಕೊಟ್ಟರೆ, ಅವುಗಳನ್ನು ತಿದ್ದುವ ಹೊರೆ ಯಾರ ಮೇಲೆ ಬೀಳುತ್ತದೆ? ಸಂಬಳವಿಲ್ಲದೆ, ರಾತ್ರಿಯ ಬಿಡುವಿನಲ್ಲಿ ಆ ವಿಶ್ವಕೋಶವನ್ನು ಕಾಯುವ ಕೆಲವೇ ಮಂದಿಯ ಮೇಲೆ. 2011ರಲ್ಲಿ ಪುಣೆಯ ಕಾಲೇಜುಗಳಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕಾಗಿ ನಡೆದ ಪ್ರಯೋಗವು ಕೃತಿಸ್ವಾಮ್ಯವಿರುವ ಬರಹಗಳ ನಕಲಿನಿಂದಾಗಿ ಆ ವರ್ಷವೇ ನಿಂತುಹೋಯಿತು. ಸಮುದಾಯವೊಂದರ ಅಂಗಳವನ್ನು ನಮ್ಮ ಪರೀಕ್ಷಾ ಕೊಠಡಿಯೆಂದು ಭಾವಿಸಿದರೆ ಆಗುವ ಅನಾಹುತಕ್ಕೆ ಇದೊಂದು ನಿದರ್ಶನ.

ಇಷ್ಟಾದರೂ ಈ ಕ್ರಮವನ್ನು ಕೈಬಿಡಬೇಕೆಂದು ನನಗೆ ತೋರುವುದಿಲ್ಲ. ಕಾರಣವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಹಲಸೂರಿನ ಸೋಮೇಶ್ವರ ದೇವಾಲಯವನ್ನು ಕುರಿತು ವಿದ್ಯಾರ್ಥಿನಿಯೊಬ್ಬಳು ‘ಇದನ್ನು ಚೋಳರು ಕಟ್ಟಿಸಿದರು’ ಎಂದು ನಿಸ್ಸಂದೇಹವಾಗಿ ಬರೆದಳು. ಮರುದಿನವೇ ಅಪರಿಚಿತರೊಬ್ಬರು ‘ಆಧಾರ ಬೇಕು’ ಎಂದು ಗುರುತು ಹಾಕಿದರು. ಆಕೆ ಹುಡುಕತೊಡಗಿದಳು. ಹಿರಿಯ ಕೆಂಪೇಗೌಡನು ಬೇಟೆಗೆ ಬಂದು ಮರದಡಿಯಲ್ಲಿ ಮಲಗಿದ್ದಾಗ ದೇವರು ಕನಸಿನಲ್ಲಿ ನಿಧಿಯ ನೆಲೆಯನ್ನು ತಿಳಿಸಿದನೆಂದು ಒಂದು ಐತಿಹ್ಯ. ಕನಸು ಕಂಡವನು ಅದೇ ಯಲಹಂಕ ನಾಡಪ್ರಭುಗಳ ವಂಶದ ಜಯಪ್ಪಗೌಡನೆಂದು ಮತ್ತೊಂದು. ಗೋಪುರ ಮಂಟಪಗಳ ಶೈಲಿಯಾದರೋ ವಿಜಯನಗರ ಕಾಲವನ್ನು ಸೂಚಿಸುತ್ತದೆ. ಕೊನೆಗೆ ಆಕೆಯ ಒಂದು ವಾಕ್ಯ ನಾಲ್ಕಾಯಿತು: ಜನ ನಂಬುವುದು ಒಂದು ಕಡೆ, ಕಲ್ಲು ಹೇಳುವುದು ಒಂದು ಕಡೆ. ನಾನು ಒಂದು ವರ್ಷವೆಲ್ಲ ‘ಆಕರ ವಿಮರ್ಶೆ’ಯೆಂದು ಬೋಧಿಸಿದ್ದನ್ನು ಅಪರಿಚಿತರ ಎರಡು ಪದಗಳು ಕಲಿಸಿದವು.

ಆದರೆ ಈಗ ಆ ಪುಟವನ್ನು ಮಾತ್ರ ಓದುವವರಿಗೆ ಈ ಕಲಿಕೆ ಕಾಣುವುದಿಲ್ಲ. ಅದು ಇರುವುದು ಪುಟದ ಮೇಲಂಚಿನ ‘ಇತಿಹಾಸವನ್ನು ನೋಡಿ’ ಎಂಬುದರ ಹಿಂದೆ ಮತ್ತು ‘ಚರ್ಚೆ’ ಎಂಬ ಪುಟದಲ್ಲಿ. ಯಾರು, ಯಾವ ದಿನ, ಏನನ್ನು ಸೇರಿಸಿದರು, ಏನನ್ನು ತೆಗೆದರು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ನಾವು ಅಂಕ ಕೊಡಬೇಕಾದದ್ದು ಪುಟಕ್ಕಲ್ಲ, ಪುಟದ ಇತಿಹಾಸಕ್ಕೆ ಎಂಬುದೇ ಈ ಲೇಖನದ ಮುಖ್ಯ ಪ್ರತಿಪಾದನೆ. ಹೊಸದಾಗಿ ಸಾವಿರ ಪದ ಬರೆದವನಿಗಿಂತ, ತಪ್ಪೊಂದನ್ನು ಒಪ್ಪಿ, ಆಧಾರ ಸಹಿತ ಒಂದು ವಾಕ್ಯವನ್ನು ತಿದ್ದಿದವನು ಇತಿಹಾಸದ ಉತ್ತಮ ವಿದ್ಯಾರ್ಥಿ.

ಈ ಮಾನದಂಡಕ್ಕೂ ಒಂದು ಮಿತಿಯಿದೆ. ಶಿವಾಜಿನಗರದಿಂದ ಬರುವ, ಮನೆಯಲ್ಲಿ ಉರ್ದುವಾಡುವ ವಿದ್ಯಾರ್ಥಿನಿಯೊಬ್ಬಳು ತನ್ನ ದಾದಿಯಿಂದ ಕೇಳಿದ ಗಲ್ಲಿಗಳ ಹಳೆಯ ಹೆಸರುಗಳನ್ನು ಪುಟಕ್ಕೆ ಸೇರಿಸಿದಳು. ಆ ದಾದಿಯ ಬಾಯಲ್ಲಿ ಶಿವಾಜಿನಗರ ಇಂದಿಗೂ ಬ್ಲ್ಯಾಕ್‌ಪಲ್ಲಿಯೇ. ಅಚ್ಚಾದ ಆಧಾರವಿಲ್ಲವೆಂದು ಆ ಸಾಲುಗಳು ಅಳಿಸಿಹೋದವು. ‘ನಮ್ಮ ದಾದಿ ಹೇಳಿದ್ದು ಇತಿಹಾಸ ಅಲ್ಲವಾ, ಸರ್?’ ಎಂದು ಅವಳು ಕೇಳಿದಳು. ಅಳಿಸಿದವರದು ತಪ್ಪಲ್ಲ; ಸ್ವಂತ ಸಂಶೋಧನೆಗೆ ಎಡೆಯಿಲ್ಲವೆಂಬುದು ವಿಶ್ವಕೋಶದ ನಿಯಮ, ಅದು ಇರಬೇಕಾದ ನಿಯಮವೂ ಹೌದು. ಆದರೆ 1809ರಲ್ಲಿ ಸ್ಥಾಪಿತವಾಗಿ, 1949ರವರೆಗೆ ಬೇರೆಯೇ ಪುರಸಭೆಯಾಗಿದ್ದ ದಂಡು ಪ್ರದೇಶದ ತಮಿಳು, ಉರ್ದು ಮಾತಿನ ನೆನಪುಗಳಲ್ಲಿ ಅಚ್ಚಿಗೆ ಬಂದದ್ದು ಸ್ವಲ್ಪ. ಅಚ್ಚಾದದ್ದೇ ಆಧಾರವೆಂದರೆ, ಹಿಂದೆ ಅಚ್ಚುಕೂಟ ಯಾರ ಕೈಯಲ್ಲಿತ್ತೋ ಅವರ ಇತಿಹಾಸವೇ ಹೊಸ ಮಾಧ್ಯಮದಲ್ಲಿಯೂ ಮುಂದುವರಿಯುತ್ತದೆ.

ಇದಕ್ಕೆ ಪರಿಹಾರ ವಿಕಿಪೀಡಿಯದ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ. ವಿದ್ಯಾರ್ಥಿಯ ಕೆಲಸವನ್ನು ಎರಡು ಭಾಗ ಮಾಡಬೇಕು. ಆಧಾರವಿರುವುದನ್ನು ಅವನು ವಿಶ್ವಕೋಶದಲ್ಲಿ ಬರೆಯಲಿ. ಆಧಾರವಿಲ್ಲದ್ದನ್ನು, ಹೇಳಿದವರ ಒಪ್ಪಿಗೆ ಪಡೆದು, ದಿನಾಂಕ ಸಹಿತ ಬರೆದುಕೊಂಡು ಬರಲಿ. ಅಧ್ಯಾಪಕರು ಅದನ್ನು ಪರಿಶೀಲಿಸಿ, ವಿಭಾಗಗಳ ಇಂತಹ ವಾರ್ಷಿಕ ಪತ್ರಿಕೆಗಳಲ್ಲಿ ಪ್ರಕಟಿಸಲಿ. ಇಂದು ಅಳಿಸಿಹೋದ ಸಾಲಿಗೆ ನಾಳೆ ಅದೇ ಆಧಾರವಾದೀತು. ಆ ವಿದ್ಯಾರ್ಥಿನಿಯ ಪ್ರಶ್ನೆಗೆ ತರಗತಿಯಲ್ಲಿ ನಾನು ಕೊಟ್ಟ ಉತ್ತರ ಅವಳಿಗೆ ತೃಪ್ತಿ ತರಲಿಲ್ಲ. ನಮ್ಮ ಪುಟಗಳಲ್ಲಿ ಅವಳ ದಾದಿಯ ಮಾತಿಗೆ ಸ್ಥಳವಾದ ದಿನ ಉತ್ತರ ಕೊಟ್ಟಂತಾಗುತ್ತದೆ.