ಚಲಚ್ಚಿತ್ರದಲ್ಲಿ ಶ್ವಾನದ ಮಾತು

ಪ್ರಾಣಿಗಳಿಗೆ ಮಾತು ಕೊಡುವುದು ಕನ್ನಡ ಸಾಹಿತ್ಯಕ್ಕೆ ಹೊಸತಲ್ಲ. ಹನ್ನೊಂದನೆಯ ಶತಮಾನದಲ್ಲಿಯೇ ದುರ್ಗಸಿಂಹನು ಪಂಚತಂತ್ರವನ್ನು ಕನ್ನಡಿಸಿದನು. ಗೋವಿನ ಹಾಡಿನಲ್ಲಿ ಪುಣ್ಯಕೋಟಿಯು ಹುಲಿಯೊಡನೆ ಸಂವಾದ ನಡೆಸುವಳು. ನವನಗರವು ಸೇರಿರುವ ಬಾಗಲಕೋಟೆ ಜಿಲ್ಲೆಯಲ್ಲಿಯೇ, ಪಟ್ಟದಕಲ್ಲಿನ ಎಂಟನೆಯ ಶತಮಾನದ ದೇವಾಲಯಗಳಲ್ಲಿ, ಪಂಚತಂತ್ರದ ಪ್ರಾಣಿಗಳನ್ನು ಶಿಲ್ಪಿಗಳು ಕಲ್ಲಿನಲ್ಲಿ ಕಂಡರಿಸಿರುವರು. ಕಾವ್ಯದ ಪ್ರಾಣಿಯೂ ಶಿಲ್ಪದ ಪ್ರಾಣಿಯೂ ಕಲ್ಪನೆಯಿಂದ ಹುಟ್ಟಿದುವು. ಆದುದರಿಂದ ಅವು ಮಾತನಾಡಿದರೆ ಅಸಂಗತವೆನಿಸದು. ಉಸಿರಾಡುವ ನಿಜವಾದ ಪ್ರಾಣಿಯನ್ನೇ ತಂದು ಮಾತನಾಡಿಸಿದರೆ ರಸಕ್ಕೆ ಏನಾಗುವುದೆಂಬುದು ವಿಚಾರಾರ್ಹವಾದ ಪ್ರಶ್ನೆ. ‘ಲೇಡಿ ಅಂಡ್ ದಿ ಟ್ರ್ಯಾಂಪ್’ ಎಂಬ ಚಿತ್ರದ ಎರಡು ರೂಪಗಳು ಇದಕ್ಕೆ ತಕ್ಕ ನಿದರ್ಶನಗಳು.

1955ರಲ್ಲಿ ಡಿಸ್ನಿ ಸಂಸ್ಥೆಯು ಹೊರತಂದ ಮೊದಲ ಚಿತ್ರವು ಕೈಯಿಂದ ಬರೆದ ಚಿತ್ರಗಳನ್ನು ಚಲಿಸುವಂತೆ ಜೋಡಿಸಿದ ಅನಿಮೇಷನ್ ಕೃತಿ. ಮನೆಯಲ್ಲಿ ಮುದ್ದಿನಿಂದ ಬೆಳೆದ ಲೇಡಿ, ಬೀದಿಯಲ್ಲಿ ಬೆಳೆದ ಟ್ರ್ಯಾಂಪ್, ಇವರ ಪ್ರಣಯವೇ ಅದರ ವಸ್ತು. ಇದರಲ್ಲಿ ಲೋಕವೆಲ್ಲ ನಾಯಿಯ ಕಣ್ಣಿನ ಎತ್ತರದಿಂದ ಕಾಣುವುದು; ಮನುಷ್ಯರ ಮುಖ ತೋರುವುದು ವಿರಳ. ಯಜಮಾನ ಯಜಮಾನಿಯರ ಹೆಸರುಗಳು ಸಹ ‘ಜಿಮ್ ಡಿಯರ್’, ‘ಡಾರ್ಲಿಂಗ್’ ಎಂದೇ. ದಂಪತಿಗಳು ಒಬ್ಬರನ್ನೊಬ್ಬರು ಕರೆಯುವುದನ್ನು ಕೇಳಿ ನಾಯಿಯು ತಿಳಿದುಕೊಂಡುದು ಅಷ್ಟೇ. ಹೀಗೆ ಮಾತಿಗೆ ಮೊದಲು ದೃಷ್ಟಿಯು ನಾಯಿಯದಾಗಿರುವುದರಿಂದ ಮಾತೂ ಅದರದೇ ಎನಿಸುವುದು.

ಚಾರ್ಲಿ ಬೀನನು ನಿರ್ದೇಶಿಸಿದ 2019ರ ರೂಪದಲ್ಲಿ ನಿಜವಾದ ನಾಯಿಗಳು ಅಭಿನಯಿಸಿರುವುವು. ಅವುಗಳ ಬಾಯಿಯ ಚಲನೆಯನ್ನು ಮಾತ್ರ ಗಣಕಯಂತ್ರದಿಂದ ಕೃತಕವಾಗಿ ಸೇರಿಸಿದೆ. ಯಜಮಾನರ ಮುಖಗಳು ಧಾರಾಳವಾಗಿ ತೆರೆಗೆ ಬಂದುವು. ನಾಯಿಯ ದೃಷ್ಟಿ ಹಿಂದೆ ಸರಿಯಿತು. ಎರಡು ನಾಯಿಗಳು ಸ್ಪಗೆಟಿ ಎಂಬ ಇಟಲಿಯ ಶಾವಿಗೆಯ ಒಂದೇ ಎಳೆಯನ್ನು ಎರಡು ಕಡೆಯಿಂದ ತಿನ್ನುವ ಪ್ರಸಿದ್ಧ ಸನ್ನಿವೇಶವು ಎರಡರಲ್ಲಿಯೂ ಉಂಟು. ಮೊದಲನೆಯದರಲ್ಲಿ ಲಜ್ಜೆಯನ್ನು ರೇಖೆಯೇ ನುಡಿಯುವುದು. ಎರಡನೆಯದರಲ್ಲಿ ಪ್ರೇಕ್ಷಕನ ಗಮನವು ಭಾವವನ್ನು ಬಿಟ್ಟು, ಇದನ್ನು ಹೇಗೆ ಮಾಡಿದರೆಂಬ ಕೌತುಕಕ್ಕೆ ತಿರುಗುವುದು. ಕಣ್ಣು ನಿಜವಾಗಿ ಬಾಯಿ ಸುಳ್ಳಾದಾಗ ರಸಭಂಗವು ತಪ್ಪದು.

ಹಾಗಾದರೆ ಮೌನವೊಂದೇ ಪರಿಹಾರವೇ ಎಂದರೆ, ಅದೂ ಸಾಲದು. 1961ರ ಡಾಲ್ಮೇಷನ್ ನಾಯಿಗಳ ಅನಿಮೇಷನ್ ಚಿತ್ರವನ್ನು ಅದೇ ಸಂಸ್ಥೆಯು 1996ರಲ್ಲಿ ನಿಜವಾದ ನಾಯಿಗಳಿಂದ ಮಾಡಿಸಿದಾಗ ಅವುಗಳ ಮಾತನ್ನು ತೆಗೆದುಹಾಕಿತು. ಆಗ ಕಥೆಯು ನಾಯಿಗಳ ಕೈತಪ್ಪಿ, ಗ್ಲೆನ್ ಕ್ಲೋಸ್ ಅಭಿನಯಿಸಿದ ಖಳನಾಯಿಕೆಯ ಆರ್ಭಟಕ್ಕೂ ಕಳ್ಳರ ಪೇಚಾಟಕ್ಕೂ ವಶವಾಯಿತು. ಮಾತನ್ನು ಕಸಿದುಕೊಂಡವರು ಅದರ ಸ್ಥಾನದಲ್ಲಿ ನೋಟವನ್ನು ಇಡಲಿಲ್ಲ.

ಈ ಕೊರತೆಯನ್ನು ತುಂಬುವ ಬಗೆಯು ಕನ್ನಡದ ‘777 ಚಾರ್ಲಿ’ಯಲ್ಲಿ ಕಾಣುವುದು. ಕಿರಣ್‌ರಾಜ್ ನಿರ್ದೇಶಿಸಿದ, 2022ರಲ್ಲಿ ತೆರೆಕಂಡ ಈ ಚಿತ್ರವು ಯಾವ ಅನಿಮೇಷನ್ನಿನ ಪುನರ್ನಿರ್ಮಾಣವೂ ಅಲ್ಲ. ಆದರೂ ನಿಜವಾದ ನಾಯಿಯಿಂದ ಕಥೆ ಹೇಳಿಸುವ ಅದೇ ಸಮಸ್ಯೆಯನ್ನು ಅದು ಎದುರಿಸಿದೆ. ಇಲ್ಲಿ ಚಾರ್ಲಿ ಮಾತನಾಡಳು. ರಕ್ಷಿತ್ ಶೆಟ್ಟಿ ಅಭಿನಯಿಸಿದ ಏಕಾಂಗಿಯು ಅವಳನ್ನು ನೋಡಲು ಕಲಿಯುವುದೇ ಕಥೆ. ಅವನ ಹೆಸರು ಧರ್ಮ. ಅವರ ಪಯಣ ಹಿಮದ ಕಡೆಗೆ. ಮಹಾಪ್ರಸ್ಥಾನದ ನೆನಪು ಬಾರದಿರದು. ಅಲ್ಲಿಯೂ ಧರ್ಮರಾಯನ ಹಿಂದೆ ನಡೆದ ನಾಯಿಯು ದಾರಿಯುದ್ದಕ್ಕೂ ಮೂಕವಾಗಿದ್ದಿತು. ಅದು ನುಡಿದ ಕ್ಷಣದಲ್ಲಿ ನಾಯಿಯಾಗಿ ಉಳಿಯದೆ ಯಮಧರ್ಮನಾಯಿತು. ‘ಚಾರ್ಲಿ’ಯ ಉತ್ತರಾರ್ಧದಲ್ಲಿ ಕರುಣರಸವನ್ನು ಸಂಗೀತದಿಂದ ಅತಿಯಾಗಿ ಒತ್ತಿರುವುದು ದೋಷವೇ ಸರಿ. ಆದರೆ ನಾಯಿಯು ಕೊನೆಯವರೆಗೆ ನಾಯಿಯಾಗಿಯೇ ಉಳಿಯುವುದು.

ಮುಧೋಳದ ಬೇಟೆನಾಯಿಯನ್ನು ಬಲ್ಲ ಬಾಗಲಕೋಟೆಯ ಸೀಮೆಗೆ ಈ ಭೇದವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆ ನಾಯಿ ಮೂಸಿ ಬೇಟೆಯಾಡುವುದಕ್ಕಿಂತ ನೋಡಿ ಬೇಟೆಯಾಡುವುದು. ಅದನ್ನು ಸಾಕಿದವನು ಅದರ ಇಂಗಿತವನ್ನು ಕಿವಿ, ಬಾಲ, ನಿಲವುಗಳಿಂದ ಅರಿಯುವನು. ಕಲ್ಪನೆಯ ಪ್ರಾಣಿಗೆ ಮಾತು ಭೂಷಣ. ನಿಜವಾದ ಪ್ರಾಣಿಗೆ ಅದನ್ನು ನೋಡಬಲ್ಲವನೊಬ್ಬನು ಜೊತೆಗಿರಬೇಕು. ಮೊದಲನೆಯದನ್ನು ಬಿಟ್ಟುಕೊಡಲೊಲ್ಲದೆ, ಎರಡನೆಯದನ್ನು ಸಂಪಾದಿಸಲಾರದೆ, 2019ರ ಚಿತ್ರವು ನಡುವೆ ನಿಂತಿತು.